ದಿವಾಳಿ ಪ್ರಕರಣಗಳಲ್ಲಿ ನೇಮಕವಾಗುವ ವೃತ್ತಿಪರರು: ಕಾನೂನಿನಲ್ಲಿ ಅವರ ಪಾತ್ರ ಮತ್ತು ಹೊಣೆಗಾರಿಕೆ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಕಂಪನಿಯೊಂದು ಅಥವಾ ವ್ಯಾಪಾರಿಯೊಬ್ಬರು ಸಾಲ ತೀರಿಸಲಾಗದ ಸ್ಥಿತಿಗೆ ಬಂದಾಗ "ದಿವಾಳಿ ಎದ್ದರು", "ಪಾಪರ್ ಆದರು" ಎಂದು ಹೇಳುವುದು ರೂಢಿ. ಅಲ್ಲಿಗೆ ತಮ್ಮ ಬಾಕಿ ಹಣವೂ ಮುಳುಗಿತೆಂದು ಅನೇಕರು ಭಾವಿಸಿ ಸುಮ್ಮನಾಗುತ್ತಾರೆ. ವಾಸ್ತವವಾಗಿ ಕಾನೂನಿನ ಪ್ರಕ್ರಿಯೆ ಪ್ರಾರಂಭವಾಗುವುದೇ ಅಲ್ಲಿಂದ. ನ್ಯಾಯಮಂಡಳಿ ಅಥವಾ ನ್ಯಾಯಾಲಯವು ಒಬ್ಬ ವ್ಯಕ್ತಿಯನ್ನು ನೇಮಿಸಿ, ಸಾಲಗಾರನ ಆಸ್ತಿ, ಲೆಕ್ಕಪತ್ರ ಮತ್ತು ವ್ಯವಹಾರವನ್ನು ಅವರ ಉಸ್ತುವಾರಿಗೆ ಒಪ್ಪಿಸುತ್ತದೆ. ಅದಿರು ಸಾಗಿಸಿದ ಲಾರಿ ಮಾಲೀಕರು, ಅಡಿಕೆ ಅಥವಾ ಕೊಬ್ಬರಿ ಕೊಟ್ಟ ಬೆಳೆಗಾರರು, ವೇತನ ಬಾಕಿ ಇರುವ ಕಾರ್ಮಿಕರು, ಜಾಮೀನು ಸಹಿ ಹಾಕಿದವರು, ಇವರೆಲ್ಲರೂ ಮುಂದೆ ವ್ಯವಹರಿಸಬೇಕಾದುದು ಆ ವ್ಯಕ್ತಿಯೊಡನೆ.

ಸದರಿ ವ್ಯಕ್ತಿಯ ಕರ್ತವ್ಯಗಳೇನು, ಅವರ ಅಧಿಕಾರದ ಮಿತಿ ಎಲ್ಲಿಯವರೆಗೆ, ತಪ್ಪೆಸಗಿದಲ್ಲಿ ಅವರು ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಒಂದು ಅಂಶವನ್ನು ಪ್ರಾರಂಭದಲ್ಲಿಯೇ ಗಮನಕ್ಕೆ ತರಲಾಗಿದೆ: ಕಾನೂನು ಅವರ ಮೇಲೆ ಹೊಣೆ ಹೊರಿಸಿದೆಯಾದರೂ, ಸಕಾಲದಲ್ಲಿ ಕ್ಲೇಮು ಸಲ್ಲಿಸದವರಿಗೆ ಆ ಹೊಣೆಯಿಂದ ಹೆಚ್ಚಿನ ಪ್ರಯೋಜನ ದೊರೆಯುವುದಿಲ್ಲ.

2. ನಿಮ್ಮ ಪ್ರಕರಣವು ಯಾವ ಕಾನೂನಿನ ವ್ಯಾಪ್ತಿಗೆ ಬರುತ್ತದೆ?

ಮೊದಲು ಸಾಲಗಾರ ಯಾರು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಅದಕ್ಕನುಗುಣವಾಗಿ ಕಾನೂನು, ಕಚೇರಿ ಮತ್ತು ಅಧಿಕಾರಿ ಮೂರೂ ಬದಲಾಗುತ್ತವೆ.

(ಅ) ಕಂಪನಿ ಅಥವಾ ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ: ದಿವಾಳಿ ಸಂಹಿತೆ, 2016 ಅನ್ವಯಿಸುತ್ತದೆ. ನೋಂದಾಯಿತ ಕಚೇರಿ ಕರ್ನಾಟಕದಲ್ಲಿದ್ದರೆ ಪ್ರಕರಣವು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠದ ಮುಂದೆ ಬರುತ್ತದೆ. ಗಣಿ ಅಥವಾ ಘಟಕ ಚಿತ್ರದುರ್ಗ ಜಿಲ್ಲೆಯಲ್ಲಿದ್ದು ನೋಂದಾಯಿತ ಕಚೇರಿ ಬೇರೆ ರಾಜ್ಯದಲ್ಲಿದ್ದರೆ ಆ ರಾಜ್ಯದ ಪೀಠವೇ ವಿಚಾರಣೆ ನಡೆಸುತ್ತದೆ. ಅರ್ಜಿ ಸಲ್ಲಿಸಲು ಇರಬೇಕಾದ ಕನಿಷ್ಠ ಬಾಕಿಯನ್ನು 24ನೇ ಮಾರ್ಚ್ 2020ರಂದು 1 ಲಕ್ಷ ರೂಪಾಯಿಯಿಂದ 1 ಕೋಟಿ ರೂಪಾಯಿಗೆ ಹೆಚ್ಚಿಸಲಾಯಿತು. ಈ ಮಿತಿಯು ಪ್ರಕ್ರಿಯೆ ಆರಂಭಿಸಲು ಮಾತ್ರ. ಬೇರೊಬ್ಬರ ಅರ್ಜಿಯ ಮೇಲೆ ಆರಂಭವಾದ ಪ್ರಕರಣದಲ್ಲಿ ಎಷ್ಟೇ ಸಣ್ಣ ಮೊತ್ತಕ್ಕೂ ಕ್ಲೇಮು ಸಲ್ಲಿಸಬಹುದು.

(ಆ) ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನೀಡಿದವರು: ಸಂಹಿತೆಯ 3ನೇ ಭಾಗವು 1ನೇ ಡಿಸೆಂಬರ್ 2019ರಿಂದ ಇವರಿಗೆ ಅನ್ವಯಿಸುತ್ತದೆ. ಈ ಅಧಿಸೂಚನೆಯನ್ನು ಸರ್ವೋಚ್ಚ ನ್ಯಾಯಾಲಯವು 21ನೇ ಮೇ 2021ರಂದು ಎತ್ತಿಹಿಡಿಯಿತು.

(ಇ) ಏಕಮಾಲೀಕತ್ವದ ಅಂಗಡಿ, ಮಂಡಿ, ಸಾಮಾನ್ಯ ಪಾಲುದಾರಿಕೆ ಸಂಸ್ಥೆ ಹಾಗೂ ಇತರ ವ್ಯಕ್ತಿಗಳು: 2019ರ ಅಧಿಸೂಚನೆಯು ಇವರನ್ನು ಒಳಗೊಂಡಿಲ್ಲ. ಇವರಿಗೆ ಪ್ರಾಂತೀಯ ದಿವಾಳಿ ಅಧಿನಿಯಮ, 1920ರ ಮಾರ್ಗವಿದೆ. ಭೀಮಸಮುದ್ರದ ಅಡಿಕೆ ವರ್ತಕರೊಬ್ಬರು ಅಥವಾ ಹಿರಿಯೂರಿನ ಮಂಡಿ ಮಾಲೀಕರೊಬ್ಬರು ತಮ್ಮ ಸ್ವಂತ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದರೆ ಅವರ ಪ್ರಕರಣ ಈ ವರ್ಗಕ್ಕೆ ಸೇರುತ್ತದೆ. ಇದರ ವಿಚಾರಣೆ ಜಿಲ್ಲಾ ನ್ಯಾಯಾಲಯದಲ್ಲಿ ಅಥವಾ ಸರ್ಕಾರವು ಅಧಿಕಾರ ನೀಡಿರುವ ಅಧೀನ ನ್ಯಾಯಾಲಯದಲ್ಲಿ ನಡೆಯುತ್ತದೆ.

(ಈ) ಸಹಕಾರ ಸಂಘಗಳು: ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರಡಿ ಸಹಕಾರ ಸಂಘಗಳ ನಿಬಂಧಕರು ಸಮಾಪನಾಧಿಕಾರಿಯನ್ನು ನೇಮಿಸುತ್ತಾರೆ. ಬಹುಕಾಲದಿಂದ ಮುಚ್ಚಿರುವ ಹಿರಿಯೂರಿನ ವಾಣಿವಿಲಾಸ ಸಹಕಾರಿ ಸಕ್ಕರೆ ಕಾರ್ಖಾನೆಯಂತಹ ಸಂಸ್ಥೆಗಳ ವಿಚಾರವನ್ನು ಸಹಕಾರ ಇಲಾಖೆಯಲ್ಲಿ ಕೇಳಬೇಕೇ ಹೊರತು ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ ಅಲ್ಲ.

(ಉ) ಸಾರ್ವಜನಿಕರಿಂದ ಠೇವಣಿ ಪಡೆದು ಮರಳಿಸದ ಹಣಕಾಸು ಸಂಸ್ಥೆಗಳು: ಕರ್ನಾಟಕ ಠೇವಣಿದಾರರ ಹಿತಾಸಕ್ತಿ ಸಂರಕ್ಷಣಾ ಅಧಿನಿಯಮ, 2004ರಡಿ ಸರ್ಕಾರವು ಸಕ್ಷಮ ಪ್ರಾಧಿಕಾರಿಯನ್ನು ನೇಮಿಸುತ್ತದೆ. ಠೇವಣಿದಾರರು ಅವರಿಗೆ ಅರ್ಜಿ ಸಲ್ಲಿಸತಕ್ಕದ್ದು.

3. ದಿವಾಳಿ ವೃತ್ತಿಪರರು ಯಾರು?

ಸಂಹಿತೆಯ 206ನೇ ಕಲಮಿನಂತೆ, ದಿವಾಳಿ ವೃತ್ತಿಪರರ ಸಂಸ್ಥೆಯೊಂದರ ಸದಸ್ಯತ್ವ ಮತ್ತು ಭಾರತೀಯ ದಿವಾಳಿ ಮಂಡಳಿಯ ನೋಂದಣಿ ಇಲ್ಲದ ಯಾರೂ ಈ ವೃತ್ತಿಯನ್ನು ನಡೆಸುವಂತಿಲ್ಲ. 1ನೇ ಅಕ್ಟೋಬರ್ 2016ರಂದು ಸ್ಥಾಪನೆಯಾದ ಈ ಮಂಡಳಿಯನ್ನು ಇನ್ನು ಮುಂದೆ "ಮಂಡಳಿ" ಎಂದು ಕರೆಯಲಾಗಿದೆ. ಲೆಕ್ಕಪರಿಶೋಧಕರು, ಕಂಪನಿ ಕಾರ್ಯದರ್ಶಿಗಳು, ವೆಚ್ಚ ಲೆಕ್ಕಿಗರು ಮತ್ತು ವಕೀಲರು ನಿಗದಿತ ಅನುಭವ ಪಡೆದು, ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಈ ನೋಂದಣಿ ಪಡೆಯಬಹುದು. ನೋಂದಣಿಯ ಜೊತೆಗೆ, ಪ್ರಕರಣ ವಹಿಸಿಕೊಳ್ಳಲು ಚಾಲ್ತಿಯಲ್ಲಿರುವ ಅನುಮತಿ ಪತ್ರವೂ ಅವರ ಬಳಿ ಇರಬೇಕು. ಮಂಡಳಿಯ ಜಾಲತಾಣದಲ್ಲಿ ಹೆಸರು ಅಥವಾ ನೋಂದಣಿ ಸಂಖ್ಯೆಯ ಮೂಲಕ ಇದನ್ನು ಯಾರು ಬೇಕಾದರೂ ಪರಿಶೀಲಿಸಬಹುದು.

ಒಬ್ಬರೇ ವೃತ್ತಿಪರರು ಹಂತಕ್ಕೆ ತಕ್ಕಂತೆ ಬೇರೆ ಬೇರೆ ಹೆಸರು ಪಡೆಯಬಹುದು. ಪ್ರಾರಂಭದಲ್ಲಿ ಮಧ್ಯಂತರ ಪರಿಹಾರ ವೃತ್ತಿಪರ, ಸಾಲದಾತರ ಸಮಿತಿ ಅನುಮೋದಿಸಿದ ನಂತರ ಪರಿಹಾರ ವೃತ್ತಿಪರ, ಕಂಪನಿಯನ್ನು ಮುಚ್ಚಿ ಆಸ್ತಿ ಮಾರಾಟ ಮಾಡುವ ಹಂತದಲ್ಲಿ ಸಮಾಪಕ.

4. ಮುಖ್ಯ ಕರ್ತವ್ಯಗಳು

ನೇಮಕದ ದಿನದಿಂದ ಕಂಪನಿಯ ನಿರ್ದೇಶಕ ಮಂಡಳಿಯ ಅಧಿಕಾರಗಳು ಅಮಾನತಿನಲ್ಲಿರುತ್ತವೆ ಮತ್ತು ಆಡಳಿತವು ವೃತ್ತಿಪರರ ಕೈಗೆ ಬರುತ್ತದೆ. ಅವರು,

- ನೇಮಕವಾದ 3 ದಿನಗಳೊಳಗೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಕ್ಲೇಮುಗಳನ್ನು ಆಹ್ವಾನಿಸಬೇಕು;
- ಕಂಪನಿಯ ಲೆಕ್ಕಪುಸ್ತಕಗಳಲ್ಲಿ ಹೆಸರಿರುವ ಸಾಲದಾತರಿಗೆ ಪ್ರಕಟಣೆಯ ಪ್ರತಿಯನ್ನು ಕಳುಹಿಸಬೇಕು;
- ಬಂದ ಕ್ಲೇಮುಗಳನ್ನು ಪರಿಶೀಲಿಸಿ ಸಾಲದಾತರ ಪಟ್ಟಿಯನ್ನು ಸಿದ್ಧಪಡಿಸಬೇಕು;
- ಆಸ್ತಿಗಳನ್ನು ವಶಕ್ಕೆ ಪಡೆದು ಅವುಗಳ ಮೌಲ್ಯ ಕುಗ್ಗದಂತೆ ರಕ್ಷಿಸಬೇಕು ಮತ್ತು ವ್ಯವಹಾರ ನಿಲ್ಲದಂತೆ ನಡೆಸಬೇಕು;
- ಹಿಂದಿನ ಆಡಳಿತದವರು ಆಸ್ತಿಯನ್ನು ಕಡಿಮೆ ಬೆಲೆಗೆ ಪರಭಾರೆ ಮಾಡಿದ್ದರೆ ಅಥವಾ ಕೆಲವರಿಗೆ ಮಾತ್ರ ಅನುಕೂಲವಾಗುವಂತೆ ಪಾವತಿಸಿದ್ದರೆ, ಅಂತಹ ವ್ಯವಹಾರಗಳನ್ನು ರದ್ದುಪಡಿಸುವಂತೆ ನ್ಯಾಯಮಂಡಳಿಯನ್ನು ಕೋರಬೇಕು.

ಇಡೀ ಪ್ರಕ್ರಿಯೆಯನ್ನು 180 ದಿನಗಳಲ್ಲಿ ಮುಗಿಸಬೇಕು. ಒಮ್ಮೆ 90 ದಿನ ವಿಸ್ತರಿಸಲು ಅವಕಾಶವಿದೆ. ವ್ಯಾಜ್ಯಗಳಿಗೆ ಹಿಡಿದ ಕಾಲವೂ ಸೇರಿ 330 ದಿನಗಳ ಮಿತಿಯನ್ನು 2019ರ ತಿದ್ದುಪಡಿ ನಿಗದಿಪಡಿಸಿತು. ಆದರೂ ಅನೇಕ ಪ್ರಕರಣಗಳು ಈ ಮಿತಿಯನ್ನು ಮೀರಿ ನಡೆದಿವೆ.

ಅರ್ಜಿ ಸಲ್ಲಿಸಿದ ಬ್ಯಾಂಕು ಇವರ ಹೆಸರನ್ನು ಸೂಚಿಸಿದ್ದರೂ ಇವರು ಬ್ಯಾಂಕಿನ ಪ್ರತಿನಿಧಿಯಲ್ಲ. ಹಳೆಯ ಮಾಲೀಕರ ಪ್ರತಿನಿಧಿಯೂ ಅಲ್ಲ. ಎಲ್ಲ ಹಕ್ಕುದಾರರ ನಡುವೆ ನಿಷ್ಪಕ್ಷಪಾತವಾಗಿ ನಡೆದುಕೊಳ್ಳುವುದು, ಸಂಬಂಧಗಳನ್ನು ಬಹಿರಂಗಪಡಿಸುವುದು, ದಾಖಲೆಗಳನ್ನು ಕಾಪಾಡುವುದು ವೃತ್ತಿ ನಡತೆಯ ಸಂಹಿತೆಯಂತೆ ಕಡ್ಡಾಯ.

5. ಅಧಿಕಾರದ ಮಿತಿಗಳು

ಪರಿಹಾರ ವೃತ್ತಿಪರರದು ಆಡಳಿತಾತ್ಮಕ ಅಧಿಕಾರವೇ ಹೊರತು ನ್ಯಾಯನಿರ್ಣಯದ ಅಧಿಕಾರವಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 25ನೇ ಜನವರಿ 2019ರಂದು ಸ್ವಿಸ್ ರಿಬ್ಬನ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಅವರು ಕ್ಲೇಮನ್ನು ದಾಖಲೆಗಳೊಡನೆ ತಾಳೆ ನೋಡಬಹುದು. ವಿವಾದವನ್ನು ಅಂತಿಮವಾಗಿ ತೀರ್ಮಾನಿಸುವುದು ನ್ಯಾಯಮಂಡಳಿ. ಸಮಾಪಕರ ಸ್ಥಾನ ಇದಕ್ಕಿಂತ ಭಿನ್ನ. ಅವರು ಕ್ಲೇಮನ್ನು ಅಂಗೀಕರಿಸಿ ಅಥವಾ ತಿರಸ್ಕರಿಸಿ ನಿರ್ಣಯ ನೀಡುತ್ತಾರೆ; ಅದರ ವಿರುದ್ಧ 14 ದಿನಗಳೊಳಗೆ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು.

ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಮತ್ತೊಂದು ತೀರ್ಪು ಗಣಿ ಪ್ರದೇಶದ ಜನರಿಗೆ ಮುಖ್ಯವಾದುದು. ಕರ್ನಾಟಕ ಸರ್ಕಾರದಿಂದ ಗಣಿ ಗುತ್ತಿಗೆ ಪಡೆದಿದ್ದ ಕಂಪನಿಯೊಂದು ದಿವಾಳಿ ಪ್ರಕ್ರಿಯೆಗೆ ಒಳಪಟ್ಟಾಗ, ಗುತ್ತಿಗೆಯ ಅವಧಿ ಮುಂದುವರಿದಿದೆ ಎಂದು ಘೋಷಿಸುವಂತೆ ಅದರ ಪರಿಹಾರ ವೃತ್ತಿಪರರು ಚೆನ್ನೈ ಪೀಠವನ್ನು ಕೋರಿದರು. ಪೀಠವು ಪೂರಕ ಗುತ್ತಿಗೆ ಪತ್ರ ಮಾಡಿಕೊಡುವಂತೆ ರಾಜ್ಯ ಸರ್ಕಾರಕ್ಕೆ ನಿರ್ದೇಶನ ನೀಡಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಅದಕ್ಕೆ ತಡೆ ನೀಡಿತು. ಸರ್ವೋಚ್ಚ ನ್ಯಾಯಾಲಯವು 3ನೇ ಡಿಸೆಂಬರ್ 2019ರಂದು ಎಂಬೆಸಿ ಪ್ರಾಪರ್ಟಿ ಪ್ರಕರಣದಲ್ಲಿ, ಗಣಿ ಕಾನೂನಿನಡಿ ಸರ್ಕಾರ ಕೈಗೊಂಡ ನಿರ್ಧಾರದ ಸರಿತಪ್ಪುಗಳನ್ನು ಕಂಪನಿ ಕಾನೂನು ನ್ಯಾಯಮಂಡಳಿ ವಿಚಾರಿಸುವಂತಿಲ್ಲ ಎಂದು ತೀರ್ಪಿತ್ತಿತು. ಆದುದರಿಂದ ಗುತ್ತಿಗೆ ಮರಳಿ ಬಂದೇ ಬರುತ್ತದೆ ಎಂಬ ಭರವಸೆಯ ಮೇಲೆ ಸರಕು ಅಥವಾ ವಾಹನ ಒದಗಿಸುವ ಮುನ್ನ ಎಚ್ಚರ ವಹಿಸುವುದು ಸೂಕ್ತ.

6. ಕ್ಲೇಮು ಸಲ್ಲಿಸುವ ವಿಧಾನ

(1) ಪ್ರಕಟಣೆಯನ್ನು ನೋಡುವುದು: ಕಂಪನಿಯ ನೋಂದಾಯಿತ ಕಚೇರಿ ಮತ್ತು ಪ್ರಧಾನ ಕಚೇರಿ ಇರುವ ಸ್ಥಳದಲ್ಲಿ ಪ್ರಸಾರವುಳ್ಳ ಒಂದು ಇಂಗ್ಲಿಷ್ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಮುಂಬಯಿಯ ಕಂಪನಿಗೆ ಹೊಳಲ್ಕೆರೆಯಿಂದ ಸರಕು ಕಳುಹಿಸಿದವರ ಕಣ್ಣಿಗೆ ಅದು ಬೀಳದಿರಬಹುದು. ಬಾಕಿದಾರ ಕಂಪನಿಯಿಂದ ಪಾವತಿ ನಿಂತ ಕೂಡಲೇ ಮಂಡಳಿಯ ಜಾಲತಾಣದ ಸಾರ್ವಜನಿಕ ಪ್ರಕಟಣೆಗಳ ವಿಭಾಗದಲ್ಲಿ ಕಂಪನಿಯ ಹೆಸರನ್ನು ಹುಡುಕತಕ್ಕದ್ದು.

(2) ನಮೂನೆಗಳು:
- ಸರಕು, ಸೇವೆ, ಸಾಗಾಣಿಕೆ ಒದಗಿಸಿದವರು: ನಮೂನೆ ಬಿ
- ಬ್ಯಾಂಕು ಮತ್ತಿತರ ಹಣಕಾಸು ಸಾಲದಾತರು: ನಮೂನೆ ಸಿ
- ನಿವೇಶನ, ಮನೆ ಕಾಯ್ದಿರಿಸಿದವರಂತಹ ಸಮೂಹದ ಸಾಲದಾತರು: ನಮೂನೆ ಸಿಎ
- ಕಾರ್ಮಿಕರು ಮತ್ತು ನೌಕರರು: ನಮೂನೆ ಡಿ
- ಕಾರ್ಮಿಕರ ಪರವಾಗಿ ಅಧಿಕೃತ ಪ್ರತಿನಿಧಿ: ನಮೂನೆ ಇ
- ಇತರರು: ನಮೂನೆ ಎಫ್

(3) ಲಗತ್ತಿಸಬೇಕಾದ ದಾಖಲೆಗಳು: ಬಿಲ್ಲುಗಳು, ಸರಕು ತಲುಪಿದ ಸಹಿ ಇರುವ ರಸೀದಿ, ಒಪ್ಪಂದ ಪತ್ರ, ಬ್ಯಾಂಕ್ ಲೆಕ್ಕದ ವಿವರ, ಕಾರ್ಮಿಕರಾದಲ್ಲಿ ನೇಮಕಾತಿ ಪತ್ರ, ವೇತನ ಚೀಟಿ, ಭವಿಷ್ಯ ನಿಧಿ ಸಂಖ್ಯೆ.

(4) ಕೊನೆಯ ದಿನಾಂಕ: ಪ್ರಕಟಣೆಯಲ್ಲಿ ನಮೂದಿಸಿರುವ ದಿನಾಂಕದೊಳಗೆ ಸಲ್ಲಿಸತಕ್ಕದ್ದು. ತಡವಾದಲ್ಲಿ, 2023ರ ತಿದ್ದುಪಡಿಯಂತೆ, ಪರಿಹಾರ ಯೋಜನೆಗಳನ್ನು ಆಹ್ವಾನಿಸುವ ದಿನದವರೆಗೆ ಅಥವಾ ಪ್ರಕ್ರಿಯೆ ಆರಂಭವಾದ 90 ದಿನಗಳವರೆಗೆ, ಯಾವುದು ನಂತರದ್ದೋ ಅಲ್ಲಿಯವರೆಗೆ, ವಿಳಂಬಕ್ಕೆ ಕಾರಣ ತಿಳಿಸಿ ಸಲ್ಲಿಸಬಹುದು.

(5) ಶುಲ್ಕ: ಕ್ಲೇಮು ಸ್ವೀಕರಿಸಲು ವೃತ್ತಿಪರರಿಗೆ ಯಾವುದೇ ಶುಲ್ಕ ಕೊಡಬೇಕಾಗಿಲ್ಲ. "ಹಣ ಬೇಗ ಬಿಡುಗಡೆ ಮಾಡಿಸುತ್ತೇವೆ" ಎನ್ನುವ ಮಧ್ಯವರ್ತಿಗಳಿಗೆ ಹಣ ನೀಡಬಾರದು.

ವಿಶೇಷ ಗಮನಕ್ಕೆ: ನ್ಯಾಯಮಂಡಳಿಯು ಪರಿಹಾರ ಯೋಜನೆಯನ್ನು ಅಂಗೀಕರಿಸಿದ ದಿನ, ಆ ಯೋಜನೆಯಲ್ಲಿ ಸೇರದ ಹಳೆಯ ಬಾಕಿಗಳು ಅಳಿದುಹೋಗುತ್ತವೆ ಎಂದು ಸರ್ವೋಚ್ಚ ನ್ಯಾಯಾಲಯವು 13ನೇ ಏಪ್ರಿಲ್ 2021ರಂದು ಘನಶ್ಯಾಮ ಮಿಶ್ರ ಪ್ರಕರಣದಲ್ಲಿ ತೀರ್ಪಿತ್ತಿದೆ. ಸರ್ಕಾರದ ತೆರಿಗೆ ಬಾಕಿಗೂ ಇದೇ ನಿಯಮ. ಕಂಪನಿಯು ಹೊಸ ಮಾಲೀಕರ ಕೈಯಲ್ಲಿ ಮತ್ತೆ ನಡೆಯತೊಡಗಿದ ಮೇಲೆ ಹಳೆಯ ಬಿಲ್ಲು ಹಿಡಿದು ಹೋದರೆ ಪ್ರಯೋಜನವಾಗದು.

7. ಕಾರ್ಮಿಕರ ಬಾಕಿ

ಕಂಪನಿಯ ಆಸ್ತಿ ಮಾರಿ ಬಂದ ಹಣದಲ್ಲಿ ಮೊದಲು ಪ್ರಕ್ರಿಯೆಯ ವೆಚ್ಚ ಸಲ್ಲುತ್ತದೆ. ನಂತರ, ಸಮಾಪನೆ ಆರಂಭಕ್ಕೆ ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿಯು, ತಮ್ಮ ಅಡಮಾನದ ಹಕ್ಕನ್ನು ಬಿಟ್ಟುಕೊಟ್ಟ ಸಾಲದಾತರ ಬಾಕಿಯೊಡನೆ ಸಮಾನ ಸ್ಥಾನದಲ್ಲಿರುತ್ತದೆ. ಕಾರ್ಮಿಕರಲ್ಲದ ನೌಕರರ 12 ತಿಂಗಳ ವೇತನ ಅದರ ನಂತರ ಬರುತ್ತದೆ. ಭವಿಷ್ಯ ನಿಧಿ, ಪಿಂಚಣಿ ನಿಧಿ ಮತ್ತು ಉಪದಾನ ನಿಧಿಯಿಂದ ಬರಬೇಕಾದ ಹಣವು ಹಂಚಿಕೆಯ ಆಸ್ತಿಗೆ ಸೇರುವುದೇ ಇಲ್ಲ.

ಪ್ರಕ್ರಿಯೆ ನಡೆಯುತ್ತಿದ್ದ ಅವಧಿಯ ವೇತನದ ಬಗ್ಗೆ 19ನೇ ಏಪ್ರಿಲ್ 2022ರ ಸುನೀಲ್ ಕುಮಾರ್ ಜೈನ್ ತೀರ್ಪು ಹೀಗೆ ಹೇಳುತ್ತದೆ: ವೃತ್ತಿಪರರು ಕಾರ್ಖಾನೆಯನ್ನು ನಡೆಸಿದ್ದು, ಕಾರ್ಮಿಕರು ನಿಜವಾಗಿ ಕೆಲಸ ಮಾಡಿದ್ದರೆ ಮಾತ್ರ ಆ ವೇತನ ಪ್ರಕ್ರಿಯೆಯ ವೆಚ್ಚವಾಗಿ ಮೊದಲು ಸಲ್ಲುತ್ತದೆ. ಆದಕಾರಣ ಹಾಜರಾತಿ ಪುಸ್ತಕದ ಪ್ರತಿ ಅಥವಾ ಕೆಲಸ ಮಾಡಿದ್ದಕ್ಕೆ ಇತರ ಪುರಾವೆಯನ್ನು ಇಟ್ಟುಕೊಳ್ಳತಕ್ಕದ್ದು.

8. ಜಾಮೀನುದಾರರ ಪ್ರಕರಣ

ಬಂಧುವಿನ ಕಂಪನಿಗೆ ಜಾಮೀನು ಸಹಿ ಹಾಕಿದವರ ಮೇಲೆ ಅರ್ಜಿ ಬಂದಾಗ, ಪರಿಹಾರ ವೃತ್ತಿಪರರು ಸಾಲಗಾರರಿಂದ ವಿವರಣೆ ಪಡೆದು, ಅರ್ಜಿಯನ್ನು ಅಂಗೀಕರಿಸಬೇಕೇ ತಿರಸ್ಕರಿಸಬೇಕೇ ಎಂದು ವರದಿ ನೀಡುತ್ತಾರೆ. ಈ ವರದಿ ಶಿಫಾರಸು ಮಾತ್ರ, ತೀರ್ಪಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 9ನೇ ನವೆಂಬರ್ 2023ರ ದಿಲೀಪ್ ಜಿವರಾಜ್ಕಾ ಪ್ರಕರಣದಲ್ಲಿ ತಿಳಿಸಿದೆ. ಆದರೂ ವೃತ್ತಿಪರರ ನೋಟಿಸಿಗೆ ಉತ್ತರಿಸದೇ ಇರಬಾರದು. ಸಾಲ ತೀರಿದೆ ಎಂಬ ದಾಖಲೆ ಇದ್ದರೆ ತೋರಿಸಲು ಅದೇ ಮೊದಲ ಅವಕಾಶ. ಉದ್ಯೋಗದ ಉಪಕರಣಗಳು, ಮನೆಯ ಅಗತ್ಯ ಸಾಮಾನುಗಳು ಹಾಗೂ ನಿಯಮಗಳು ನಿಗದಿಪಡಿಸಿದ ಮೌಲ್ಯದೊಳಗಿನ, ಅಡಮಾನವಿಲ್ಲದ ಒಂದು ವಾಸದ ಮನೆಗೆ ಕಾನೂನಿನ ರಕ್ಷಣೆಯಿದೆ.

9. ವೃತ್ತಿಪರರ ಹೊಣೆಗಾರಿಕೆ

(ಅ) ಶಿಸ್ತು ಕ್ರಮ: ಸಮಂಜಸ ಎಚ್ಚರ ಮತ್ತು ಶ್ರದ್ಧೆಯಿಂದ ಕಾರ್ಯನಿರ್ವಹಿಸುವುದು 208ನೇ ಕಲಮಿನಂತೆ ಅವರ ಬಾಧ್ಯತೆ. ಉಲ್ಲಂಘನೆ ಕಂಡುಬಂದಲ್ಲಿ ಮಂಡಳಿಯು ತನಿಖೆ ನಡೆಸಿ, ಕಾರಣ ಕೇಳುವ ನೋಟಿಸು ನೀಡಿ, ಶಿಸ್ತು ಸಮಿತಿಯ ಮೂಲಕ ನೋಂದಣಿಯನ್ನು ಅಮಾನತುಗೊಳಿಸಬಹುದು ಅಥವಾ ರದ್ದುಪಡಿಸಬಹುದು. 2016ರ ಸಂಹಿತೆಯ 220ನೇ ಕಲಂ, ಉಂಟಾದ ನಷ್ಟದ ಅಥವಾ ಅಕ್ರಮ ಲಾಭದ ಮೂರು ಪಟ್ಟಿನವರೆಗೆ ದಂಡ ವಿಧಿಸಲು, ಮೊತ್ತವನ್ನು ಲೆಕ್ಕ ಹಾಕಲಾಗದಿದ್ದಲ್ಲಿ 1 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು.

(ಆ) ಕ್ರಿಮಿನಲ್ ಹೊಣೆ: ಉದ್ದೇಶಪೂರ್ವಕ ಉಲ್ಲಂಘನೆಗೆ 2016ರ ಸಂಹಿತೆಯ 70ನೇ ಕಲಮಿನಲ್ಲಿ 6 ತಿಂಗಳವರೆಗೆ ಕಾರಾಗೃಹ ವಾಸ ಅಥವಾ 1 ಲಕ್ಷದಿಂದ 5 ಲಕ್ಷ ರೂಪಾಯಿಯವರೆಗೆ ಜುಲ್ಮಾನೆ ಅಥವಾ ಎರಡನ್ನೂ ಗೊತ್ತುಪಡಿಸಲಾಯಿತು. ಲಂಚ ಪಡೆದ ವೃತ್ತಿಪರರನ್ನು ಭ್ರಷ್ಟಾಚಾರ ನಿರೋಧ ಕಾನೂನಿನ ಅರ್ಥದಲ್ಲಿ ಸಾರ್ವಜನಿಕ ನೌಕರರೆಂದು ಪರಿಗಣಿಸಬಹುದೇ ಎಂಬ ಬಗ್ಗೆ 2023ರಲ್ಲಿ ಎರಡು ಉಚ್ಚ ನ್ಯಾಯಾಲಯಗಳು ಭಿನ್ನ ಅಭಿಪ್ರಾಯ ನೀಡಿದವು. ಜಾರ್ಖಂಡ್ ಉಚ್ಚ ನ್ಯಾಯಾಲಯವು ಹೌದೆಂದೂ, ದೆಹಲಿ ಉಚ್ಚ ನ್ಯಾಯಾಲಯವು ಅಲ್ಲವೆಂದೂ ಹೇಳಿದವು.

(ಇ) ಸದ್ಭಾವನೆಯ ರಕ್ಷಣೆ: ಸದ್ಭಾವನೆಯಿಂದ ಕೈಗೊಂಡ ಕಾರ್ಯಕ್ಕಾಗಿ ವೃತ್ತಿಪರರ ಮೇಲೆ ದಾವೆ ಹೂಡುವಂತಿಲ್ಲ ಎಂದು 233ನೇ ಕಲಂ ಹೇಳುತ್ತದೆ. ನಿರೀಕ್ಷಿಸಿದಷ್ಟು ಹಣ ಬರಲಿಲ್ಲ ಎಂಬುದು ಮಾತ್ರವೇ ಅವರ ತಪ್ಪಾಗುವುದಿಲ್ಲ. ಎಷ್ಟು ಹಣಕ್ಕೆ ಯಾವ ಯೋಜನೆಯನ್ನು ಒಪ್ಪಬೇಕೆಂಬ ವಾಣಿಜ್ಯ ತೀರ್ಮಾನ ಸಾಲದಾತರ ಸಮಿತಿಯದು. ಕ್ಲೇಮನ್ನು ಕಾರಣ ತಿಳಿಸದೆ ಕಡೆಗಣಿಸುವುದು, ಆಸ್ತಿಯನ್ನು ಕಾವಲಿಲ್ಲದೆ ಬಿಡುವುದು, ಸಂಬಂಧಿಕರಿಗೆ ಮಾರುವುದು, ಲೆಕ್ಕ ಕೊಡದಿರುವುದು ಇವು ಪ್ರಶ್ನಿಸಬಹುದಾದ ನಡತೆಗಳು.

(ಈ) ನಷ್ಟ ಪರಿಹಾರ: ದಂಡದ ಹಣ ದೂರುದಾರರಿಗೆ ತಾನಾಗಿಯೇ ಬರುವುದಿಲ್ಲ. ಅಕ್ರಮ ಲಾಭವನ್ನು ವಾಪಸು ಪಡೆಯಲು ಆದೇಶವಾಗಿದ್ದು, ನಷ್ಟ ಹೊಂದಿದವರು ಯಾರೆಂದು ಗುರುತಿಸಲು ಸಾಧ್ಯವಿದ್ದು, ನಷ್ಟವು ನೇರವಾಗಿ ಆ ಉಲ್ಲಂಘನೆಯಿಂದಲೇ ಆಗಿದ್ದರೆ, ವಾಪಸಾದ ಮೊತ್ತದಿಂದ ಪರಿಹಾರ ಕೊಡಿಸುವ ಅಧಿಕಾರ ಮಂಡಳಿಗಿದೆ.

10. ದೂರು ಸಲ್ಲಿಸುವುದು ಎಲ್ಲಿ?

- ಕ್ಲೇಮು ತಿರಸ್ಕೃತವಾದಲ್ಲಿ ಅಥವಾ ಮೊತ್ತ ಕಡಿತವಾದಲ್ಲಿ: ಪ್ರಕರಣ ನಡೆಯುತ್ತಿರುವ ನ್ಯಾಯಮಂಡಳಿಗೆ ಅರ್ಜಿ. ಮಂಡಳಿಗೆ ದೂರು ನೀಡಿದರೆ ಕ್ಲೇಮು ಅಂಗೀಕಾರವಾಗುವುದಿಲ್ಲ.
- ವೃತ್ತಿಪರರ ನಡತೆಯ ಬಗ್ಗೆ: ಅವರು ಸದಸ್ಯರಾಗಿರುವ ವೃತ್ತಿಪರರ ಸಂಸ್ಥೆಗೆ ಅಥವಾ ಮಂಡಳಿಗೆ. ಮಂಡಳಿಯ 2017ರ ನಿಯಮಾವಳಿಯು ಕುಂದುಕೊರತೆ ಮತ್ತು ದೂರು ಇವೆರಡನ್ನೂ ಬೇರ್ಪಡಿಸುತ್ತದೆ. ಕುಂದುಕೊರತೆಗೆ ಶುಲ್ಕವಿಲ್ಲ. ಉಲ್ಲಂಘನೆಯನ್ನು ಆರೋಪಿಸುವ ದೂರಿಗೆ ನಿಗದಿತ ನಮೂನೆ ಮತ್ತು 2,500 ರೂಪಾಯಿ ಶುಲ್ಕವಿದ್ದು, ದೂರು ಕ್ಷುಲ್ಲಕ ಅಥವಾ ದುರುದ್ದೇಶದ್ದಲ್ಲವೆಂದು ಕಂಡುಬಂದಲ್ಲಿ ಶುಲ್ಕವನ್ನು ಮರಳಿಸಲಾಗುವುದು. ಕಾಲಮಿತಿ ಇರುವುದರಿಂದ ತಡಮಾಡಬಾರದು.

11. 1920ರ ಅಧಿನಿಯಮದಡಿ ರಿಸೀವರ್

ವ್ಯಕ್ತಿಯನ್ನು ದಿವಾಳಿಯೆಂದು ನ್ಯಾಯಾಲಯ ಘೋಷಿಸಿದ ನಂತರ ಅವರ ಆಸ್ತಿ ನ್ಯಾಯಾಲಯದ ಅಥವಾ ರಿಸೀವರರ ವಶಕ್ಕೆ ಬರುತ್ತದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯು ಜಪ್ತಿಯಿಂದ ವಿನಾಯಿತಿ ನೀಡಿರುವ ರೈತರ ಬೇಸಾಯದ ಉಪಕರಣ, ಉಳುಮೆಯ ದನ, ಬಿತ್ತನೆ ಬೀಜ, ವಾಸದ ಮನೆ ಮುಂತಾದವು ಇದರಲ್ಲಿ ಸೇರುವುದಿಲ್ಲ. ಅಡಮಾನ ಪಡೆದಿರುವ ಸಾಲದಾತರ ಹಕ್ಕು ಹಾಗೆಯೇ ಉಳಿಯುತ್ತದೆ.

ರಿಸೀವರರ ಹೊಣೆಯನ್ನು 56ನೇ ಕಲಂ ನೇರವಾಗಿ ಹೇಳಿದೆ. ಅವರು ಲೆಕ್ಕ ಸಲ್ಲಿಸದಿದ್ದರೆ, ಬಾಕಿ ಹಣ ಕಟ್ಟದಿದ್ದರೆ, ಅಥವಾ ಉದ್ದೇಶಪೂರ್ವಕ ತಪ್ಪು ಇಲ್ಲವೇ ಘೋರ ನಿರ್ಲಕ್ಷ್ಯದಿಂದ ಆಸ್ತಿಗೆ ನಷ್ಟ ಉಂಟುಮಾಡಿದರೆ, ನ್ಯಾಯಾಲಯವು ರಿಸೀವರರ ಸ್ವಂತ ಆಸ್ತಿಯನ್ನೇ ಜಪ್ತಿ ಮಾಡಿಸಿ ಮಾರಿ ನಷ್ಟ ಭರಿಸಬಹುದು. ಅವರ ಯಾವುದೇ ಕೃತ್ಯ ಅಥವಾ ತೀರ್ಮಾನದಿಂದ ಬಾಧಿತರಾದವರು 68ನೇ ಕಲಮಿನಂತೆ 21 ದಿನಗಳೊಳಗೆ ಅದೇ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸತಕ್ಕದ್ದು.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಂಪನಿ ಕೊಟ್ಟ ಚೆಕ್ ವಾಪಸಾಗಿದೆ. ಪ್ರಕರಣ ಮುಂದುವರಿಸಬಹುದೇ?
ಉತ್ತರ: ದಿವಾಳಿ ಪ್ರಕ್ರಿಯೆಯ ತಡೆ ಅವಧಿಯಲ್ಲಿ ಕಂಪನಿಯ ವಿರುದ್ಧ ಮುಂದುವರಿಸುವಂತಿಲ್ಲ. ಹೊಣೆಗಾರ ನಿರ್ದೇಶಕರು ಮತ್ತು ಸಹಿ ಹಾಕಿದವರ ವಿರುದ್ಧ ಮುಂದುವರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 1ನೇ ಮಾರ್ಚ್ 2021ರಂದು ಪಿ. ಮೋಹನರಾಜ್ ಪ್ರಕರಣದಲ್ಲಿ ತಿಳಿಸಿದೆ.

ಪ್ರಶ್ನೆ: ಸರಕು ಕೊಟ್ಟ ನಮಗೆ ಸಾಲದಾತರ ಸಮಿತಿಯಲ್ಲಿ ಮತವಿದೆಯೇ?
ಉತ್ತರ: ಸಾಮಾನ್ಯವಾಗಿ ಇಲ್ಲ. ಸಮಿತಿಯಲ್ಲಿ ಹಣಕಾಸು ಸಾಲದಾತರು ಇರುತ್ತಾರೆ. ಸರಕು, ಸೇವೆ ಒದಗಿಸಿದವರ ಒಟ್ಟು ಬಾಕಿಯು ಸಾಲದ ಶೇಕಡ 10ಕ್ಕಿಂತ ಕಡಿಮೆ ಇಲ್ಲದಿದ್ದಲ್ಲಿ ಅವರ ಪ್ರತಿನಿಧಿ ಸಭೆಗೆ ಹಾಜರಾಗಬಹುದು, ಮತ ಚಲಾಯಿಸುವಂತಿಲ್ಲ.

ಪ್ರಶ್ನೆ: ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿ ಇಲ್ಲದವರು ಏನು ಮಾಡಬೇಕು?
ಉತ್ತರ: ಕ್ಲೇಮು ಸಲ್ಲಿಸಲು ವಕೀಲರು ಕಡ್ಡಾಯವಲ್ಲ. ಕಾನೂನು ನೆರವು ಬೇಕಾದವರು ಚಿತ್ರದುರ್ಗದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಸಂಪರ್ಕಿಸಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ವಿಕಲಚೇತನರು ಹಾಗೂ ಕೈಗಾರಿಕಾ ಕಾರ್ಮಿಕರು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಂತೆ ಉಚಿತ ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ: 15100.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ಮಾರ್ಗದರ್ಶನಕ್ಕಾಗಿ ಮಾತ್ರ. ಸಂಹಿತೆಗೆ ಮತ್ತಷ್ಟು ತಿದ್ದುಪಡಿ ತರುವ ಮಸೂದೆಯನ್ನು ಆಗಸ್ಟ್ 2025ರಲ್ಲಿ ಲೋಕಸಭೆಯಲ್ಲಿ ಮಂಡಿಸಲಾಯಿತು. ಆದಕಾರಣ ಅರ್ಜಿ, ಕ್ಲೇಮು ಅಥವಾ ದೂರು ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಅಧಿನಿಯಮ, ನಿಯಮ ಮತ್ತು ನಮೂನೆಗಳನ್ನು ಪರಿಶೀಲಿಸತಕ್ಕದ್ದು. ಸಲ್ಲಿಸಿದ ಪ್ರತಿಯೊಂದು ಪತ್ರಕ್ಕೂ ಸ್ವೀಕೃತಿ ಪಡೆದು, ಪ್ರಕ್ರಿಯೆ ಪೂರ್ಣಗೊಳ್ಳುವವರೆಗೆ ಜೋಪಾನವಾಗಿ ಇಟ್ಟುಕೊಳ್ಳುವಂತೆ ಕೋರಲಾಗಿದೆ.